ಫ್ರೀಬಿಎಸ್‌ಡಿಯಲ್ಲಿ ಗ್ರೆಪ್ ಬದಲಿಸಿದ ನನ್ನ ಅನುಭವ

ಗ್ರೆಪ್ ಎಂದರೆ ಕಡತಗಳಲ್ಲಿ ಪಠ್ಯ ಹುಡುಕುವ ಆಜ್ಞೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಡಿಟಿಪಿ ಅಂಗಡಿಯ ಸರ್ವರಿನಲ್ಲಿ, ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯ 12ನೇ ಆವೃತ್ತಿ ಇದ್ದಾಗಲೇ, ಅದರೊಡನೆ ಬರುತ್ತಿದ್ದ ಗ್ನು ಗ್ರೆಪ್ ತೆಗೆದು ಬಿಎಸ್‌ಡಿ ಗ್ರೆಪ್ ಹಾಕುತ್ತೇನೆಂದಾಗ ಗೆಳೆಯರಾರೂ ಒಪ್ಪಲಿಲ್ಲ. ಅವರ ಸಂಶಯಕ್ಕೆ ಆಧಾರವಿತ್ತು: 2010ರಲ್ಲಿ ಫ್ರೀಬಿಎಸ್‌ಡಿಯ ಅಭಿವೃದ್ಧಿ ಶಾಖೆಯಲ್ಲೇ ಈ ಬದಲಾವಣೆ ಮಾಡಿ, ವೇಗ ಸಾಲದೆಂಬ ದೂರು ಬಂದು, ಸ್ವಲ್ಪ ಕಾಲದಲ್ಲೇ ಗ್ನು ಗ್ರೆಪ್ಪನ್ನು ಮರಳಿ ತರಬೇಕಾಗಿತ್ತು. ಆದರೆ ಮೂಲವ್ಯವಸ್ಥೆಯ ಗ್ನು ಗ್ರೆಪ್ 2.5.1ರಲ್ಲೇ ನಿಂತಿತ್ತು, ಮುಂದಿನ ಆವೃತ್ತಿಗಳು ಫ್ರೀಬಿಎಸ್‌ಡಿ ಒಪ್ಪದ ಜಿಪಿಎಲ್ 3 ಪರವಾನಗಿಗೆ ಹೋಗಿದ್ದರಿಂದ ಅದು ಅಲ್ಲಿಂದ ಕದಲುವಂತಿರಲಿಲ್ಲ.

ಸಂರಚನಾ ಕಡತವಾದ ಎಸ್‌ಆರ್‌ಸಿ.ಕಾನ್ಫ್‌ನಲ್ಲಿ ವಿತ್_ಬಿಎಸ್‌ಡಿ_ಗ್ರೆಪ್ ಹಾಕಿ ಬಿಲ್ಡ್‌ವರ್ಲ್ಡ್ (ವ್ಯವಸ್ಥೆಯನ್ನು ಮೂಲಸಂಕೇತದಿಂದ ಮತ್ತೆ ಕಟ್ಟುವುದು) ಮಾಡುವುದು ಕಷ್ಟದ ಕೆಲಸವಲ್ಲ. ಕಷ್ಟವೆಲ್ಲ ಆಮೇಲಿನದು. ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನ ಪ್ರಸಂಗ, ಪಂಚಾಯತಿನ ನೋಟೀಸು ಎಂದು ನಮ್ಮಲ್ಲಿ ಸುಮಾರು 800 ಎಂಬಿ ಪಠ್ಯವಿದೆ, ಅರ್ಧ ಕನ್ನಡ, ಅರ್ಧ ಮಲಯಾಳ. ಯುಟಿಎಫ್-8 ಲೊಕೇಲಿನಲ್ಲಿ, ಅಂದರೆ ಯೂನಿಕೋಡ್ ಪಠ್ಯವನ್ನು ಅಕ್ಷರಗಳಾಗಿಯೇ ಓದುವ ಭಾಷಾ ಹೊಂದಾಣಿಕೆಯಲ್ಲಿ, ಒಂದು ಹುಡುಕಾಟಕ್ಕೆ ಐದಾರು ನಿಮಿಷ ಹಿಡಿಯಿತು. ಮಂಗಳೂರಿನ ಒಬ್ಬ ವ್ಯಾಪಾರಿ ಹೊಸ ಯಂತ್ರಕ್ಕೆ ಅರುವತ್ತು ಸಾವಿರದಷ್ಟು ಹೇಳಿದರು. ನಾನು ಮೂರು ಸಾವಿರದ ಚಿಲ್ಲರೆಗೆ ಒಂದು ರ‍್ಯಾಮ್ ಮಾತ್ರ ಕೊಂಡೆ. ಅದರಿಂದ ಒಂದು ನಿಮಿಷವೂ ಕಡಿಮೆಯಾಗಲಿಲ್ಲ.

ಪಠ್ಯವನ್ನು ಬರೀ ಬೈಟುಗಳಾಗಿ ನೋಡುವ ಸಿ ಲೊಕೇಲಿಗೆ ಬದಲಾಯಿಸಿ, ಪದವನ್ನು ಇದ್ದ ಹಾಗೆಯೇ ಹುಡುಕುವ ಎಫ್ ಆಯ್ಕೆಯೊಂದಿಗೆ ಹುಡುಕಿದಾಗ ಹದಿನೈದು ಸೆಕೆಂಡಿನ ಆಸುಪಾಸಿಗೆ ಬಂತು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಇದ್ದರೂ, ಇಡೀ ಪದವನ್ನು ಬೈಟುಗಳಾಗಿ ಹುಡುಕಿದರೆ ಅದು ತಪ್ಪು ಜಾಗದಲ್ಲಿ ಸಿಗುವುದಿಲ್ಲ. ಎಫ್ ಇಲ್ಲದೆ ಹುಡುಕುವ, ಚುಕ್ಕೆ (ಯಾವುದಾದರೊಂದು ಅಕ್ಷರ ಎಂಬ ಗುರುತು) ಹಾಕಿದ ಮಾದರಿಗಳು ಮಾತ್ರ ಕೆಟ್ಟವು, ಏಕೆಂದರೆ ಸಿ ಲೊಕೇಲಿನಲ್ಲಿ ಒಂದು ಚುಕ್ಕೆಗೆ ಒಂದೇ ಬೈಟು.

ವೇಗ ಬಂದರೂ ಇದ್ದ ಪದಗಳು ಸಿಗುತ್ತಿರಲಿಲ್ಲ, ಮತ್ತು ಅದು ಹಳೆಯ ಗ್ರೆಪ್ಪಿನಲ್ಲೂ ಇದ್ದ ಸಮಸ್ಯೆಯೆಂದು ಯಾರೂ ಗಮನಿಸಿರಲಿಲ್ಲ. ‘ಕೋ’ದ ದೀರ್ಘ ಓತ್ವ ಕೆಲವು ಕಡತಗಳಲ್ಲಿ ಒಂದೇ ಸಂಕೇತವಾಗಿ, ಕೆಲವೆಡೆ ಬಿಡಿ ತುಂಡುಗಳಾಗಿ ಕುಳಿತಿತ್ತು. ಐಸಿಯು ಎಂಬ ಯೂನಿಕೋಡ್ ತಂತ್ರಾಂಶದ ಯೂಕಾನ್ವ್‌ನಿಂದ ಎಲ್ಲವನ್ನೂ ಎನ್‌ಎಫ್‌ಸಿಗೆ, ಅಂದರೆ ತುಂಡುಗಳನ್ನು ಕೂಡಿಸಿದ ಒಂದೇ ರೂಪಕ್ಕೆ, ತಂದಾಗ ಕನ್ನಡ ಸರಿಯಾಯಿತು, ಮಲಯಾಳ ಆಗಲಿಲ್ಲ. 2008ರ ಯೂನಿಕೋಡ್ 5.1ರಲ್ಲಿ ಚಿಲ್ಲುಗಳಿಗೆ (ಸ್ವರವಿಲ್ಲದ ವ್ಯಂಜನಗಳ ಮಲಯಾಳ ಅಕ್ಷರಗಳಿಗೆ) ಸ್ವಂತ ಸಂಕೇತ ಬರುವ ಮೊದಲು ಅವನ್ನು ವ್ಯಂಜನ, ಚಂದ್ರಕ್ಕಲ (ಸ್ವರ ತೆಗೆಯುವ ಚಿಹ್ನೆ), ಕಣ್ಣಿಗೆ ಕಾಣದ ಜೀರೋ ವಿಡ್ತ್ ಜಾಯ್ನರ್ ಸೇರಿಸಿ ಬರೆಯುತ್ತಿದ್ದರು. ಎನ್‌ಎಫ್‌ಸಿ ಈ ಎರಡು ರೂಪಗಳನ್ನು ಒಂದಾಗಿಸುವುದಿಲ್ಲ. ಅದಕ್ಕೆ ಪಠ್ಯ ತಿದ್ದುವ ಸೆಡ್ ಆಜ್ಞೆಯಲ್ಲಿ ನಾನೇ ಒಂದು ಬದಲಾವಣೆಯ ಕೋಷ್ಟಕ ಮಾಡಿದೆ. ಅದರೊಳಗಿನ ಕ್ರಮವನ್ನು ಇಲ್ಲಿ ಬರೆಯುವುದಿಲ್ಲ. ಕ್ರಮ ತಪ್ಪಿದರೆ ಕೂಡಕ್ಷರಗಳು ಒಡೆಯುತ್ತವೆ ಎಂದಷ್ಟು ಹೇಳಬಲ್ಲೆ. ಇಷ್ಟು ಸೂಕ್ಷ್ಮವಾಗಿ ಎರಡೂ ಭಾಷೆ ಹುಡುಕುವ ವ್ಯವಸ್ಥೆ ನಮ್ಮ ಸುತ್ತಿನ ಬೇರೆ ಅಂಗಡಿಯಲ್ಲಿ ನಾನು ಕಂಡಿಲ್ಲ.

ನಡುವೆ ರಿಪ್‌ಗ್ರೆಪ್ ಎಂಬ ಇನ್ನೊಂದು ಹುಡುಕಾಟದ ಆಜ್ಞೆಯನ್ನೂ ಪರೀಕ್ಷಿಸಿದೆ. ವೇಗದಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಗಿಟ್‌ಇಗ್ನೋರ್ (ಬಿಡಬೇಕಾದ ಕಡತಗಳ ಪಟ್ಟಿ) ನೋಡಿ ಕಡತಗಳನ್ನು ತಾನೇ ಬಿಡುವ ಅದರ ಅಭ್ಯಾಸ ನಮ್ಮ ಹಳೆಯ ಸ್ಕ್ರಿಪ್ಟುಗಳಿಗೆ ಹೊಂದಲಿಲ್ಲ.

2021ರಲ್ಲಿ ಬಂದ 13.0ರಲ್ಲಿ ಫ್ರೀಬಿಎಸ್‌ಡಿಯೇ ಬಿಎಸ್‌ಡಿ ಗ್ರೆಪ್ಪನ್ನು ಗ್ರೆಪ್ ಎಂದು ಕೊಟ್ಟಿತು. ಅದಕ್ಕೆ ಏರಿದಾಗ ರೆಜೆಕ್ಸ್ (ಹುಡುಕುವ ಮಾದರಿ ಬರೆಯುವ ನಿಯಮ) ಬಿಗಿಯಾದದ್ದರಿಂದ, ಬೇಡದ ಕಡೆ ಬ್ಯಾಕ್‌ಸ್ಲ್ಯಾಶ್ ಹಾಕಿದ್ದ ಕೆಲವು ಸ್ಕ್ರಿಪ್ಟುಗಳು ಮಾತ್ರ ನಿಂತವು. ಅವನ್ನು ಒಂದು ಮಧ್ಯಾಹ್ನದೊಳಗೆ ತಿದ್ದಿದೆ. ಆಗ ಆಗದೆಂದಿದ್ದ ಉಪ್ಪಳದ ಗೆಳೆಯರು ಈಗ ಅದೇ ಸಂರಚನೆಯನ್ನು ತಮ್ಮ ಅಂಗಡಿಗೆ ಒಯ್ದಿದ್ದಾರೆ, ಕೋಷ್ಟಕವನ್ನು ಬಿಟ್ಟು.