ಮೇಲೆ ಕಾದ ನೀರು ಬಚ್ಚಲಿಗೆ ಇಳಿಯದಿದ್ದಾಗ

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಮಳೆಗಾಲಕ್ಕೆ ಹಂಡೆ ಒಲೆ, ದೀಪಾವಳಿ ಕಳೆದ ಮೇಲೆ ಸೋಲಾರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸರಿಯಾದ ಬಿಸಿಲು ಸಿಗುವುದೇ ಕಷ್ಟ. ಆಗೆಲ್ಲ ಅಡಿಕೆ ಸೋಗೆ, ಹಾಳೆಯೇ ನೀರು ಕಾಯಿಸುತ್ತವೆ.

ಹೋದ ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ಆಯಿ ಬಚ್ಚಲಿನಿಂದ ಕೂಗಿದಳು. "ತಮಾ, ನೀರು ಬಿಸಿನೇ ಆಜಿಲ್ಲೆ!" ಹೋಗಿ ನೋಡಿದೆ. ಬಿಸಿನೀರಿನ ನಳ ಎರಡು ಸಲ ಬುಸ್ ಎಂದು ಗಾಳಿ ಬಿಟ್ಟು, ದಾರದಷ್ಟು ನೀರು ಕೊಟ್ಟು ನಿಂತಿತು. ಫೋನಿನಲ್ಲಿ ಕೇಳಿದರೆ, ಪ್ಯಾನಲ್ಲೇ ಬದಲಿಸಬೇಕಾದೀತು ಎಂದ ಒಬ್ಬ ಮೆಕ್ಯಾನಿಕ್. ಹಿಂದಿನ ದಿನ ಒಳ್ಳೆ ಬಿಸಿಲಿತ್ತು, ನನಗೆ ನಂಬಿಕೆ ಬರಲಿಲ್ಲ.

ತಾರಸಿ ಹತ್ತಿ, ಸೋಲಾರ್ ಟ್ಯಾಂಕಿನಿಂದ ಹೊರಡುವ ಪೈಪು ಮುಟ್ಟಿದೆ. ಕೈ ಸುಡುವಷ್ಟು ಬಿಸಿ. ಅಂದರೆ ನೀರು ಕಾದಿದೆ, ಇಳಿಯುತ್ತಿಲ್ಲ ಅಷ್ಟೇ. ಈ ಒಂದು ಪರೀಕ್ಷೆಯನ್ನು ಎಲ್ಲರೂ ಮೊದಲು ಮಾಡಬೇಕು. ಆ ಪೈಪು ತಣ್ಣಗಿದ್ದರೆ ಮಾತ್ರ ಪ್ಯಾನಲ್ ಕಡೆ ನೋಡುವುದು: ಗಾಜಿನ ಮೇಲೆ ಧೂಳು ಕೂತಿದೆಯಾ, ಮರದ ನೆರಳು ಬೀಳುತ್ತಿದೆಯಾ ಅಂತ.

ಕಾರಣ ಆಮೇಲೆ ಹೊಳೆಯಿತು. ಎರಡು ದಿನ ಮುಂಚೆ ಅಬ್ಬಿ (ಗುಡ್ಡದ ಝರಿ) ನೀರಿನ ಪೈಪಿಗೆ ತರಗೆಲೆ ಸಿಕ್ಕಿ, ತಣ್ಣೀರಿನ ಟ್ಯಾಂಕ್ ಪೂರ್ತಿ ಖಾಲಿಯಾಗಿತ್ತು. ಆಗ ಪೈಪಿನೊಳಗೆ ಗಾಳಿ ಸೇರಿದೆ. ನಮ್ಮ ಬಿಸಿನೀರಿನ ಪೈಪು ತಾರಸಿಯ ಕಟ್ಟೆ ದಾಟುವಲ್ಲಿ ಗೂನಿನ ಹಾಗೆ ಮೇಲೆದ್ದು ಇಳಿಯುತ್ತದೆ. ಗಾಳಿ ಹೋಗಿ ಕೂತದ್ದು ಅಲ್ಲೇ. ತಣ್ಣೀರಿನ ಟ್ಯಾಂಕ್ ಇರುವುದು ಸೋಲಾರ್ ಟ್ಯಾಂಕಿಗಿಂತ ಎರಡೇ ಅಡಿ ಮೇಲೆ. ಅಷ್ಟು ಒತ್ತಡಕ್ಕೆ ಗಾಳಿ ಜರುಗಲಿಲ್ಲ.

ತಣ್ಣೀರಿನ ಟ್ಯಾಂಕ್ ತುಂಬಿಸಿದೆ. ಬಾವಿ ಪಂಪಿನ ನಳಕ್ಕೂ ಬಚ್ಚಲಿನ ಬಿಸಿನೀರಿನ ನಳಕ್ಕೂ ತೋಟದ ಹೋಸ್ ಪೈಪು ಸಿಕ್ಕಿಸಿ ಬಿಗಿದು ಕಟ್ಟಿದೆ. ಮನೆಯ ಉಳಿದ ನಳ ಎಲ್ಲ ಬಂದ್. ಪಂಪು ಹಾಕಿ ನಳವನ್ನು ನಿಧಾನ ತಿರುಗಿಸಿದೆ. ನೀರು ಕೆಳಗಿನಿಂದ ಮೇಲಕ್ಕೆ ಹತ್ತಿತು. ತಾರಸಿಯಲ್ಲಿ ಗಾಳಿ ಹೊರಹೋಗಲು ಬಿಟ್ಟ ಪೈಪಿನಿಂದ ಗುಳುಗುಳು ಸದ್ದು, ಆಮೇಲೆ ನೀರು. ಒಂದು ನಿಮಿಷ ಕೂಡ ಬೇಕಾಗಲಿಲ್ಲ. ಆ ಹೊತ್ತಲ್ಲಿ ಮೇಲೆ ಯಾರೂ ನಿಲ್ಲಬಾರದು, ಕುದಿನೀರು ಚಿಮ್ಮುತ್ತದೆ. ಮರುವಾರ ಪ್ಲಂಬರ್ ಬಂದು ಗೂನು ತೆಗೆದು ಪೈಪನ್ನು ಇಳಿಜಾರು ಮಾಡಿದ. ಮತ್ತೆ ಗಾಳಿ ಕಟ್ಟಿಲ್ಲ.

ಜನವರಿಯಲ್ಲಿ ಇನ್ನೊಂದು ತೊಂದರೆ. ನೀರು ಜೋರಾಗಿಯೇ ಬರುತ್ತಿತ್ತು, ಆದರೆ ಉಗುರು ಬೆಚ್ಚಗೆ. ಸೋಲಾರ್ ಟ್ಯಾಂಕಿಗೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿ, ಅಡುಗೆಮನೆಯ ಬಿಸಿನೀರಿನ ನಳ ಬಿಟ್ಟೆ. ಸ್ವಲ್ಪ ಹೊತ್ತಿಗೆ ನಿಲ್ಲಬೇಕಿತ್ತು, ಅಲ್ವಾ? ನಿಲ್ಲದೆ ತಣ್ಣೀರು ಸುರಿಯಿತು. ಅಂದರೆ ಎಲ್ಲೋ ತಣ್ಣೀರು ಬಿಸಿ ಪೈಪಿಗೆ ನುಗ್ಗುತ್ತಿದೆ. ಮಹಡಿಯ ಬಚ್ಚಲಿನಲ್ಲಿ ಸಿಕ್ಕಿತು. ಮಕ್ಕಳು ಕೈ ಶವರಿನ ಗುಂಡಿಯಿಂದ ಮಾತ್ರ ನೀರು ನಿಲ್ಲಿಸಿ, ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರಿನ ಎರಡೂ ತಿರುಪನ್ನು ತೆರೆದೇ ಇಟ್ಟಿದ್ದರು; ತಣ್ಣೀರು ಅದರೊಳಗಿಂದಲೇ ಬಿಸಿ ಪೈಪಿಗೆ ಹೋಗುತ್ತಿತ್ತು. ಎರಡನ್ನೂ ಬಂದ್ ಮಾಡಿದೆ. ಮರುದಿನ ಆಯಿ ಬಿಸಿನೀರಿಗೆ ತಣ್ಣೀರು ಬೆರೆಸಿಕೊಂಡು ಮಿಂದಳು.