ಪೈಲ್ಸ್ ಅಂತ ಸುಮ್ನಿರಬೇಡಿ: ಕರುಳಿನ ಕ್ಯಾನ್ಸರ್ ಪರೀಕ್ಷೆ ಮಾಡಿಸುವುದು ಹೀಗೆ

ಮಲದಲ್ಲಿ ರಕ್ತ ಕಂಡರೆ ನಮ್ಮಲ್ಲಿ ಮೊದಲು ಬರುವ ಮಾತು ‘ಉಷ್ಣ ಆಗಿದೆ, ಎಳನೀರು ಕುಡಿ’. ಆಮೇಲೆ ‘ಪೈಲ್ಸ್ ಇರಬೇಕು’. ಹೀಗೇ ತಿಂಗಳುಗಟ್ಟಲೆ ಕಳೆದುಹೋಗುತ್ತದೆ. ಇದು ಸಂಕಟದ ವಿಷಯ. ಯಾಕೆಂದರೆ ದೊಡ್ಡ ಕರುಳಿನ ಕ್ಯಾನ್ಸರನ್ನು ಎಷ್ಟೋ ಸಲ ಬರುವ ಮುಂಚೆಯೇ ತಡೆಯಬಹುದು. ಕರುಳಿನ ಒಳಗೋಡೆಯಲ್ಲಿ ಏಳುವ ಪಾಲಿಪ್ ಎಂಬ ಸಣ್ಣ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಹಿಡಿಯುತ್ತದೆ.

ಯಾರಿಗೆ, ಯಾವಾಗ?

ರಕ್ತ ಬೀಳುತ್ತಿದ್ದರೆ, ಮಲದ ಅಭ್ಯಾಸ ವಾರಗಟ್ಟಲೆ ಏರುಪೇರಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿದಿದ್ದರೆ ನೇರ ಡಾಕ್ಟರ್ ಬಳಿ ಹೋಗಿ. ತೊಂದರೆ ಇಲ್ಲದವರಿಗೂ 45ರಿಂದ ಪರೀಕ್ಷೆ ಬೇಕು ಎಂದು ಅಮೆರಿಕದ ತಜ್ಞರ ಸಮಿತಿ 2021ರಲ್ಲಿ ಹೇಳಿತು. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಬಂದಿದ್ದರೆ 40ಕ್ಕೆ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಅದು. ನಮ್ಮ ಸರ್ಕಾರಿ ತಪಾಸಣೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗೆ ಒತ್ತು ಕೊಡುತ್ತದೆ. ಹಾಗಾಗಿ ಇದನ್ನು ನಾವೇ ಕೇಳಿ ಮಾಡಿಸಬೇಕು.

ಮನೆಯಲ್ಲೇ ಫಿಟ್ ಪರೀಕ್ಷೆ

ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಇದು ಹುಡುಕುತ್ತದೆ. ಪಥ್ಯ ಬೇಡ. ಕಮೋಡಿನ ನೀರು ತಾಗದಂತೆ ಕಾಗದ ಹರಡಿ. ಪರೀಕ್ಷೆಗೆ ಕೊಟ್ಟ ಬಾಟಲಿಯ ಕಡ್ಡಿಯಿಂದ ಮಲವನ್ನು ಮೇಲಿಂದ ನಾಲ್ಕಾರು ಕಡೆ ಕೆರೆದು, ಮುಚ್ಚಿ, ಬೇಗ ಲ್ಯಾಬಿಗೆ ಕೊಡಿ. ಬಿಸಿಲಲ್ಲಿ ಇಡಬೇಡಿ. ಮುಟ್ಟಿನ ದಿನಗಳಲ್ಲಿ ಬೇಡ.

ನೆಗೆಟಿವ್ ಬಂದರೂ ಪ್ರತಿವರ್ಷ ಮಾಡಿಸಬೇಕು. ಅಮೆರಿಕದ ಮಿನ್ನೆಸೋಟದಲ್ಲಿ 46 ಸಾವಿರಕ್ಕೂ ಜಾಸ್ತಿ ಜನರ ಮೇಲೆ ಇದರ ಹಳೆಯ ರೂಪವನ್ನು ಪರೀಕ್ಷಿಸಿದ್ದರು. ವರ್ಷವರ್ಷ ಮಾಡಿಸಿಕೊಂಡ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು 33% ಕಡಿಮೆ ಆಗಿದ್ದು 1993ರಲ್ಲಿ ಪ್ರಕಟವಾಯಿತು. ಪಾಸಿಟಿವ್ ಅಂದರೆ ಕ್ಯಾನ್ಸರ್ ಅಂತಲ್ಲ. ಆದರೆ ‘ಇನ್ನೊಂದು ಸಲ ಫಿಟ್ ನೋಡೋಣ’ ಅನ್ನುವುದು ಬೇಡ. ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಯಿಸಿ ದೊಡ್ಡ ಕರುಳನ್ನು ನೋಡುವ ಕೊಲೊನೋಸ್ಕೋಪಿಯೇ ಆಗಬೇಕು.

ಕೊಲೊನೋಸ್ಕೋಪಿಗೆ ತಯಾರಿ

ಅರ್ಧ ಕೆಲಸ ಇರುವುದು ಇಲ್ಲೇ. ಕರುಳು ಶುಚಿಯಾಗದಿದ್ದರೆ ಸಣ್ಣ ಪಾಲಿಪ್ ಕಣ್ಣಿಗೆ ಬೀಳದೆ ಹೋಗಬಹುದು.

ಎರಡು ಮೂರು ದಿನ ಮುಂಚೆಯಿಂದ ರಾಗಿಮುದ್ದೆ, ಸೊಪ್ಪು, ಕಾಳು, ಬೀಜವಿರುವ ಸೀಬೆಹಣ್ಣು ಬಿಡಿ. ಬಿಳಿ ಅನ್ನ, ಮೊಸರು ಸಾಕು. ಹಿಂದಿನ ದಿನ ಬರೀ ತಿಳಿಯಾದ ದ್ರವ: ಎಳನೀರು, ಸೋಸಿದ ನಿಂಬೆ ಪಾನಕ, ಹಾಲಿಲ್ಲದ ಟೀ. ಕೆಂಪು ಬಣ್ಣದ ಜ್ಯೂಸ್ ಕುಡಿದರೆ ಒಳಗೆ ರಕ್ತದಂತೆ ಕಾಣಬಹುದು. ಕಬ್ಬಿಣಾಂಶದ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಔಷಧಿ ನುಂಗುವವರು ವಾರ ಮುಂಚೆಯೇ ಡಾಕ್ಟರನ್ನು ಕೇಳಿ, ನೀವಾಗಿ ನಿಲ್ಲಿಸಬೇಡಿ.

ಭೇದಿ ಔಷಧಿಯನ್ನು ಎರಡು ಕಂತಿನಲ್ಲಿ ಕುಡಿದರೆ ಕರುಳು ಚೆನ್ನಾಗಿ ತೊಳೆಯುತ್ತದೆ. ಅರ್ಧ ಹಿಂದಿನ ಸಂಜೆ, ಇನ್ನರ್ಧ ಪರೀಕ್ಷೆಗೆ ನಾಲ್ಕೈದು ಗಂಟೆ ಮುಂಚೆ. ಕೊನೆಗೆ ಹಳದಿ ನೀರಿನಂತೆ, ಕಸವಿಲ್ಲದೆ ಹೋಗಬೇಕು. ಎರಡನೇ ಕಂತು ಕುಡಿದ ಕೂಡಲೇ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಕಷ್ಟ ಅಲ್ವಾ? ಹತ್ತಿರದ ಆಸ್ಪತ್ರೆ ಆರಿಸಿಕೊಳ್ಳಿ. ಮಂಪರು ಬರಿಸುವುದರಿಂದ ಆ ದಿನ ಗಾಡಿ ಓಡಿಸಬಾರದು, ಮನೆಯವರೊಬ್ಬರು ಜೊತೆಗಿರಲಿ.

ಆಮೇಲೆ

ಪಾಲಿಪ್ ಸಿಕ್ಕರೆ ಸಾಮಾನ್ಯವಾಗಿ ಆಗಲೇ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕ್ಯಾನ್ಸರ್ ಎಂದು ಬಂದರೆ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಸರ್ಕಾರದ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿ ಸಂಸ್ಥೆ ಇದೆ. ಏನೂ ಸಿಗದಿದ್ದರೆ, ಮನೆತನದಲ್ಲಿ ಯಾರಿಗೂ ಇಲ್ಲದಿದ್ದರೆ, ಮುಂದಿನದು ಹತ್ತು ವರ್ಷದ ನಂತರ. ಬಯಾಪ್ಸಿ ವರದಿ ಜೋಪಾನವಾಗಿಡಿ, ಅದರ ಪ್ರತಿಯನ್ನು ಅಣ್ಣತಮ್ಮ, ಅಕ್ಕತಂಗಿಯರಿಗೂ ಕೊಡಿ. ಅವರು ಯಾವಾಗ ಪರೀಕ್ಷೆ ಶುರುಮಾಡಬೇಕು ಎಂದು ಡಾಕ್ಟರ್ ಹೇಳುವುದು ಅದನ್ನು ನೋಡಿಯೇ.