ರವೆ ಡಬ್ಬಿಯಿಂದ ಕಂಬಳಿಯವರೆಗೆ

ಸಂಜೆ ಅಡುಗೆಮನೆಯ ದೀಪದ ಸುತ್ತ ಬೂದು ಬಣ್ಣದ ಪತಂಗ ಹಾರಿದರೆ ಕಿಟಕಿಯಿಂದ ಬಂತು ಅಂದುಕೊಳ್ಳುವವರೇ ಹೆಚ್ಚು. ನಾನು ಮಾತ್ರ ಮೊದಲು ರವೆ ಡಬ್ಬಿಯ ಮುಚ್ಚಳ ತೆಗೆಯುತ್ತೇನೆ. ಹಾರುವ ಪತಂಗ ಕಾಳನ್ನು ಮುಟ್ಟುವುದೇ ಇಲ್ಲ. ಮೊಟ್ಟೆಯಿಟ್ಟು ಒಂದೆರಡು ವಾರದಲ್ಲಿ ಸಾಯುತ್ತದೆ. ತಿನ್ನುವುದೆಲ್ಲ ಅದರ ಮರಿಹುಳ. ಆ ಹುಳ ಎಲ್ಲಿದೆ ಅಂತ ಕಂಡುಹಿಡಿಯದೆ ಪತಂಗವನ್ನು ಎಷ್ಟು ಹೊಡೆದರೂ ಮಾರನೆಯ ದಿನ ಇನ್ನೊಂದು ಬರುತ್ತದೆ.

ನಮ್ಮದು ಮಲೆನಾಡಿನ ಸಾಗರ ಊರಿನ ಕಡೆಯ ಮನೆ. ಜೂನ್‌ನಲ್ಲಿ ಮಳೆ ಹಿಡಿದರೆ ಗೋಡೆಯೂ ಥಂಡಿ, ಬಟ್ಟೆಯೂ ಥಂಡಿ. ಈ ಹುಳಗಳಿಗೆ ಅದೇ ಹಬ್ಬ.

ಅಕ್ಕಿ, ರವೆ, ರಾಗಿಯಲ್ಲಿ ಹೆಚ್ಚಾಗಿ ಕಾಣುವುದು ಅಕ್ಕಿ ಪತಂಗ. ಮಾಸಲು ಕಂದು ಬಣ್ಣ, ರೆಕ್ಕೆಯ ಮೇಲೆ ಎದ್ದು ಕಾಣುವ ಗುರುತಿಲ್ಲ. ಕೂತಾಗ ರೆಕ್ಕೆಯನ್ನು ಮೈಗೆ ಸುತ್ತಿಕೊಂಡಿರುತ್ತದೆ. ಚಮಚದಲ್ಲಿ ರವೆ ಎತ್ತಿದಾಗ ನಾಲ್ಕೈದು ಕಾಳು ಎಳೆಯಲ್ಲಿ ಜೋತಾಡಿದರೆ ಅದೇ ಇದರ ಗುರುತು. ಆ ಗಂಟನ್ನು ಬೆರಳಲ್ಲಿ ಬಿಡಿಸಿದರೆ ಒಳಗೆ ಕಂದು ತಲೆಯ ಬಿಳಿ ಹುಳ ಸಿಗುತ್ತದೆ. ನುಸಿ ಹಿಡಿದ ಅಕ್ಕಿಯಲ್ಲಿ ಇಂಥ ಬಲೆ ಇರುವುದಿಲ್ಲ, ಹಾಗಾಗಿ ಎರಡಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. (ಬೆಳೆಯ ಕೀಟದ ಮೊಟ್ಟೆಯೊಳಗೇ ಬೆಳೆದು ಅದನ್ನು ನಾಶಮಾಡುವ ಟ್ರೈಕೋಗ್ರಾಮ ಎಂಬ ಸಣ್ಣ ಕಣಜವನ್ನು ಸಾಕಲು ಪ್ರಯೋಗಾಲಯಗಳಲ್ಲಿ ಇದೇ ಅಕ್ಕಿ ಪತಂಗದ ಮೊಟ್ಟೆ ಬಳಸುತ್ತಾರೆ. ಹೊಲಕ್ಕೆ ಉಪಕಾರಿ, ನಮ್ಮ ಡಬ್ಬಿಗೆ ಮಾತ್ರ ಬೇಡ.)

ರೆಕ್ಕೆಯ ಬುಡ ಬಿಳಿಚಿಕೊಂಡು ತುದಿಯ ಕಡೆ ತಾಮ್ರದ ಬಣ್ಣವಿದ್ದರೆ ಅದು ಬೇರೆ ಜಾತಿ. ಗೋಡಂಬಿ, ಶೇಂಗಾ, ಒಣದ್ರಾಕ್ಷಿ, ಹಿಟ್ಟು ಇವೆಲ್ಲ ಅದಕ್ಕೆ ಇಷ್ಟ. ಬಲಿತ ಹುಳ ಡಬ್ಬಿ ಬಿಟ್ಟು ಗೋಡೆ ಹತ್ತಿ, ಸೂರಿನ ಮೂಲೆಯಲ್ಲೋ ಕಪಾಟಿನ ಕೀಲಿನ ಸಂದಿಯಲ್ಲೋ ಗೂಡು ಕಟ್ಟುತ್ತದೆ. ಕೆಟ್ಟ ಸಾಮಾನು ಎಸೆದ ಮೇಲೂ ವಾರಗಟ್ಟಲೆ ಪತಂಗ ಹೊರಡುವುದು ಇದರಿಂದಲೇ.

ಹಾಗಾಗಿ ಹುಳ ಕಂಡ ದಿನ ಇಡೀ ಕಪಾಟು ಖಾಲಿ ಮಾಡುತ್ತೇನೆ. ಬಲೆ ಕಟ್ಟಿದ್ದನ್ನು ಚೀಲಕ್ಕೆ ಹಾಕಿ, ಬಾಯಿ ಬಿಗಿದು, ಆಗಲೇ ಮನೆಯಿಂದ ಹೊರಗೆ ಸಾಗಿಸುತ್ತೇನೆ. ಹಲಗೆಗೆ ಹಾಸಿದ ಕಾಗದ ಕಿತ್ತು, ಮೊಳೆ ತೂತು, ಮೂಲೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು, ಸೋಪಿನ ನೀರಲ್ಲಿ ಒರೆಸಿ ಒಣಗಿಸುವುದು. ಮುಚ್ಚಳದ ತಿರುಪಿನ ಸಂದಿಯನ್ನಂತೂ ಬಿಡುವುದೇ ಇಲ್ಲ. ಆಹಾರ ಇಡುವ ಕಡೆ ಯಾವ ಸ್ಪ್ರೇಯನ್ನೂ ಹೊಡೆಯುವುದಿಲ್ಲ. ಇಷ್ಟಾದರೂ ಪತಂಗ ಬಂದರೆ ಯಾರೂ ಮುಟ್ಟದ ಸಾಮಾನು ಹುಡುಕಬೇಕು: ಮದುವೆಮನೆಯಿಂದ ತಂದು ಬೀರುವಿನ ಮೇಲಿಟ್ಟ ಮಡಿಲಕ್ಕಿ, ಅದರೊಳಗಿನ ಕೊಬ್ಬರಿ, ದೇವರ ಕೋಣೆಯ ಅಕ್ಕಿ, ನಾಯಿಯ ತಿಂಡಿ. ನಮ್ಮಲ್ಲಿ ಸಿಕ್ಕಿದ್ದು ಮಡಿಲಕ್ಕಿಯ ಗಂಟಿನಲ್ಲೇ.

ರವೆಯನ್ನು ತಂದ ದಿನವೇ ಘಮ್ಮೆನ್ನುವ ತನಕ ಹುರಿದು, ಪೂರ್ತಿ ಆರಿಸಿ ತುಂಬಿಡುವುದು ಅತ್ತೆಯವರ ಕಾಲದಿಂದ ನಮ್ಮ ರೂಢಿ. ಮೊಟ್ಟೆಯಿದ್ದರೆ ಬಾಣಲೆಯಲ್ಲೇ ಸಾಯುತ್ತದೆ. ಹುರಿಯಲಾಗದ ಹಿಟ್ಟು, ಗೋಡಂಬಿಯನ್ನು ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ ಇಟ್ಟು, ಆಮೇಲೆ ಬಿಗಿ ಮುಚ್ಚಳದ ಗಾಜಿನ ಇಲ್ಲವೇ ಸ್ಟೀಲ್ ಡಬ್ಬಿಗೆ ಹಾಕುತ್ತೇನೆ. ತೆಳು ಪ್ಲಾಸ್ಟಿಕ್ ಚೀಲವನ್ನು ಹುಳ ಕೊರೆಯುತ್ತದೆ. ಬೇವಿನ ಸೊಪ್ಪು, ಬಜೆ ಬೇರು ಹಾಕುವುದಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ಬಲೆ ಕಟ್ಟಿದ ಮೇಲೆ ಅವು ಕೆಲಸಕ್ಕೆ ಬಂದದ್ದನ್ನು ನಾನು ಕಂಡಿಲ್ಲ.

ಕೈಮುಗಿದು ಹೇಳುವ ಮಾತೊಂದಿದೆ. ಕಾಳಿನ ಚೀಲಕ್ಕೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮನೆಯೊಳಗೆ ತರಲೇಬೇಡಿ. ಅದರಿಂದ ಏಳುವ ಫಾಸ್ಫೀನ್ ಅನಿಲ ಮಲಗಿದ್ದವರನ್ನು ಮಲಗಿದಲ್ಲೇ ಕೊಲ್ಲಬಲ್ಲದು.

ಬಟ್ಟೆಯ ಪತಂಗ ಹುಲ್ಲಿನ ಬಣ್ಣದ್ದು, ಬಹಳ ಸಣ್ಣದು. ದೀಪದ ಹತ್ತಿರ ಬರದೆ ಮಡಿಕೆಯೊಳಗೆ ಓಡುತ್ತದೆ. ಇದರ ಹುಳಕ್ಕೆ ಬೇಕಾದ್ದು ಉಣ್ಣೆ, ರೇಷ್ಮೆ. ಬೆವರು, ಎಣ್ಣೆ ಕಲೆ ಇದ್ದರೆ ಇನ್ನೂ ರುಚಿ. ಕಂಬಳಿಯನ್ನು ಒಗೆದು, ಬಿಸಿಲಲ್ಲಿ ಹರಡಿ, ಅಂಚನ್ನು ಬ್ರಷ್ಷಿನಿಂದ ತಿಕ್ಕಿ, ಮಳೆಗಾಲಕ್ಕೆ ಮೊದಲೇ ಗಾಳಿಯಾಡದಂತೆ ಕಟ್ಟಿಡುತ್ತೇನೆ. ಬಟ್ಟೆಯ ನಡುವೆ ಇಡುವ ನುಸಿಗುಳಿಗೆ, ಅಂದರೆ ನ್ಯಾಫ್ತಲೀನ್ ಉಂಡೆ, ಬಳಸುವುದಿಲ್ಲ. ಬಾಣಂತಿ ಇರುವ ಮನೆಯಲ್ಲಂತೂ ಬೇಡವೇ ಬೇಡ: ಜಿ-ಸಿಕ್ಸ್-ಪಿಡಿ ಕಿಣ್ವದ ಕೊರತೆಯಿರುವ ಕೂಸಿಗೆ ನ್ಯಾಫ್ತಲೀನ್ ವಾಸನೆ ಹಿಡಿದ ಬಟ್ಟೆ ಸುತ್ತಿದರೂ ಕೆಂಪು ರಕ್ತಕಣ ಒಡೆದು ಕಾಮಾಲೆಯಾಗಬಹುದು.

ಗೋಡೆಯ ಮೇಲೆ ಸೌತೆಬೀಜದ ಹಾಗೆ ಅಂಟಿಕೊಂಡ ಬೂದು ಚೀಲ ಕಂಡರೆ ಮುಟ್ಟದೆ ನೋಡಿ. ಸ್ವಲ್ಪ ಹೊತ್ತಿಗೆ ಒಂದು ತುದಿಯಿಂದ ತಲೆ ಹೊರಬಂದು ಚೀಲವನ್ನೇ ಎಳೆದುಕೊಂಡು ಹೋಗುತ್ತದೆ. ಇದೂ ಪತಂಗದ ಹುಳವೇ, ಮರಳು, ಧೂಳು ಸೇರಿಸಿ ನೇಯ್ದ ಚೀಲ ಅದು. ಹಳೆಯ ಜೇಡರ ಬಲೆ, ಉದುರಿದ ಕೂದಲು, ಸತ್ತ ಹುಳ ತಿಂದು ಬದುಕುತ್ತದೆ. ಇದಕ್ಕೆ ವಿಷ ಬೇಕಿಲ್ಲ. ಫೋಟೋಗಳ ಹಿಂದೆ, ಮಂಚದಡಿ ಬಲೆ ತೆಗೆದು ಗುಡಿಸಿ, ಬಚ್ಚಲಿಗೆ ಗಾಳಿ ಬಿಟ್ಟರೆ ತಾನಾಗಿ ಕಡಿಮೆಯಾಗುತ್ತದೆ.